ಪಾಟಿಯ ಮೂಲೆಗೆ ಒಂದು ಬೊಟ್ಟು

ಪೂಜ್ಯ ಮಾವನವರಿಗೆ,

ಜುಗೂಳದಿಂದ ನೀವು ಮನೆ ತುಂಬಿಸಿಕೊಂಡು ಬಂದ ಸೊಸೆ ಸುಮಿತ್ರಾ ಬರೆಯುತ್ತಿದ್ದೇನೆ. ಕಾಗದ ಅಂದಮೇಲೆ ಮೊದಲ ಸಾಲಿನಲ್ಲಿ ‘ಇಲ್ಲಿ ನಾವೆಲ್ಲ ಕ್ಷೇಮ’ ಎಂದು ಬರೆಯಬೇಕು ಅಂತ ಮಕ್ಕಳಿಗೆ ಹೇಳಿಕೊಡುತ್ತಿದ್ದಿರಿ. ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದರೂ ಮೊದಲ ಸಾಲು ಮಾತ್ರ ಕ್ಷೇಮವೇ. ನಾನು ಹಾಗೆ ಬರೆಯುವುದಿಲ್ಲ. ನನಗೆ ದಣಿವಾಗಿದೆ ಮಾವನವರೇ. ಅದನ್ನೇ ಮೊದಲು ಬರೆದೆ. ಬೈಯುವುದಿದ್ದರೆ ಬೈಯಿರಿ.

ಈಗ ಮಧ್ಯಾಹ್ನ. ನಿಮ್ಮ ಮಗ ಕಬ್ಬಿಗೆ ನೀರು ಬಿಡಲು ಹೋಗಿದ್ದಾರೆ. ಎಮ್ಮೆ ಮೇವು ತಿಂದು ಮಲಗಿದೆ. ದೀಪ ಹಚ್ಚುವ ಹೊತ್ತಿಗೆ ಕಟ್ಟೆಯ ಮೇಲೆ ಮಕ್ಕಳು ಬಂದು ಕೂಡುತ್ತವೆ, ಅಷ್ಟರೊಳಗೆ ಇದನ್ನು ಮುಗಿಸಬೇಕು. ನೀವು ಹೋಗಿ ಇಷ್ಟು ವರ್ಷವಾದರೂ ನಿಮ್ಮ ಸಂಜೆಯ ಸಾಲೆ ನನ್ನ ಕೊರಳಿಗೇ ಬಿದ್ದಿದೆ. ಈ ವಾರ ಅದನ್ನು ಬಿಟ್ಟೇಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಆಗಲಿಲ್ಲ. ಯಾಕೆ ಆಗಲಿಲ್ಲ ಎನ್ನುವುದನ್ನು ನಿಮಗೆ ಹೇಳದೆ ಇನ್ನಾರಿಗೆ ಹೇಳಲಿ?

ನಾನು ಈ ಮನೆಗೆ ಬಂದ ಮೊದಲ ಸಂಜೆ ನಿಮಗೆ ನೆನಪಿರಲಿಕ್ಕಿಲ್ಲ, ನನಗಿದೆ. ಒಲೆ ಹೊತ್ತಿಸುತ್ತಿದ್ದವಳು ಹೊರಗಿನ ಗದ್ದಲ ಕೇಳಿ ಬೆಚ್ಚಿಬಿದ್ದೆ. ಓಣಿಯಲ್ಲಿ ಜಗಳ ಹತ್ತಿತು ಎಂದುಕೊಂಡೆ. ಬಾಗಿಲ ಸಂದಿಯಿಂದ ನೋಡಿದರೆ ಕಟ್ಟೆಯ ತುಂಬ ಹುಡುಗರು, ಹುಡುಗಿಯರು, ನಡುವೆ ಒಂದು ಕಂದೀಲು, ಕಂದೀಲಿನ ಆಚೆ ನೀವು. ‘ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು’ ಎಂದು ಎಲ್ಲ ಕೂಡಿ ಒದರುತ್ತಿದ್ದವು. ಅತ್ತೆಯವರು ನನ್ನ ಮುಖ ನೋಡಿ ನಕ್ಕರು. “ಅಂಜಬ್ಯಾಡವ್ವಾ. ನಿಮ್ಮ ಮಾವಾರು ರಿಟಾಯರ್ ಆಗ್ಯಾರ, ಅವರ ಬಾಯಿ ಇನ್ನಾ ಆಗಿಲ್ಲ” ಎಂದರು. ನಮ್ಮ ಜುಗೂಳದಲ್ಲಿ ಪಕ್ಕದ ಮರಾಠಿ ಮನೆಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳು ಮಗ್ಗಿ ಹೇಳುವುದನ್ನು ಕೇಳಿದ್ದೆ, ಅದಕ್ಕೆ ಅವರು ಪರವಚಾ ಅನ್ನುತ್ತಾರೆ. ಆದರೆ ಅಲ್ಲಿ ಒಂದೊಂದು ಮನೆಗೆ ಒಂದೆರಡು ದನಿ. ಇಲ್ಲಿ ಊರಿನ ದನಿಯೆಲ್ಲ ನನ್ನ ಒಲೆಯ ಮುಂದೆಯೇ.

ನಿಮ್ಮ ಅಭ್ಯಾಸದ ಪದ್ಧತಿ ದೊಡ್ಡದೇನೂ ಅಲ್ಲ. ಒಂದು ಮಗ್ಗಿ ಬಾಯಿಯಿಂದ ಹೇಳಬೇಕು, ಪುಸ್ತಕದ ಒಂದು ಪುಟ ಗಟ್ಟಿಯಾಗಿ ಓದಬೇಕು, ಒಂದು ಪಾಟಿಯ ತುಂಬ ಬಳಪದಿಂದ ದುಂಡಗೆ ಬರೆಯಬೇಕು. ಅಷ್ಟೇ. ಆದರೆ ದಿನಾ. ಅಮಾವಾಸ್ಯೆ ಇರಲಿ, ಓಣಿಯಲ್ಲಿ ಮದುವೆ ಇರಲಿ, ರಾಯಬಾಗದ ಸಂತೆ ಇರಲಿ, ದಿನಾ. ಒಬ್ಬ ಹುಡುಗ ಕೈ ಎತ್ತಿ, “ಮಾಸ್ತರ, ನಾಳೆ ದೀಪಾವಳಿ ಐತ್ರಿ” ಎಂದ. “ದೀಪಾವಳಿಗೆ ಉಣ್ಣೂದು ಬಿಡ್ತೀಯೇನ್ಲೇ?” ಎಂದಿರಿ. “ಇಲ್ರಿ, ಹೋಳಿಗಿ ಉಣ್ತೀನ್ರಿ.” “ಹಂಗಾರ ಹೋಳಿಗಿ ಉಂಡು ಬಂದು ಮಗ್ಗಿ ಅಂದು ಹೋಗು. ಹೊಟ್ಟಿಗಿಲ್ಲದ ರಜಾ ತಲಿಗೆ ಯಾಕ?” ಆ ಹುಡುಗನ ಮುಖ ನೋಡಿ ಒಳಗೆ ನನಗೆ ನಗು ತಡೆಯಲಾಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಅಂದು ಹೊತ್ತಿಹೋಯಿತು.

ಊರ ಸಾಲೆಯ ಹೊಸ ಮಾಸ್ತರರಿಗೂ ನಿಮಗೂ ಈ ವಿಷಯದಲ್ಲಿ ಕೂಡಿಬರಲೇ ಇಲ್ಲ. ಅವರು ಒಳ್ಳೆಯವರೇ, ಬೀಡಿ ಸೇದುವುದಿಲ್ಲ, ಹೊತ್ತಿಗೆ ಸರಿಯಾಗಿ ಬರುತ್ತಾರೆ ಎಂದು ನೀವೇ ಹೊಗಳುತ್ತಿದ್ದಿರಿ. ಆದರೆ ಅವರು ಪಾಠವನ್ನು ಹತ್ತು ಸಲ ಬರೆದುಕೊಂಡು ಬಾ ಎನ್ನುವವರು. ನೀವು ಮೀಸೆಯೊಳಗೇ ಗೊಣಗುತ್ತಿದ್ದಿರಿ, “ಹತ್ತ ಸಲ ಬರದ್ರ ಕೈ ಎಚ್ಚರ ಇರ್ತೈತಿ, ತಲಿ ಮಲಗಿರ್ತೈತಿ. ಒಂದ್ ಸಲ ಬರೀಲಿ, ಒಂದ್ ಸಲ ಯಾರರ ಮುಂದ ಒಪ್ಪಿಸಲಿ.” ಒಪ್ಪಿಸುವುದು ಎನ್ನುವ ಮಾತು ನಿಮ್ಮ ಬಾಯಲ್ಲಿ ಎಷ್ಟು ಸಲ ಬರುತ್ತಿತ್ತು! ಕಲಿತದ್ದನ್ನು ಇನ್ನೊಬ್ಬರ ಮುಂದೆ ನಿಂತು ಬಾಯಿ ಬಿಟ್ಟು ಹೇಳುವವರೆಗೆ ಅದು ನಿನ್ನದಲ್ಲ ಎನ್ನುತ್ತಿದ್ದಿರಿ. ಹೇಳಿದ ಮೇಲೆಯೂ ಅದು ನಮ್ಮದೇ ಆಗಿ ಉಳಿಯುತ್ತದೆಯೇ? ಆ ಪ್ರಶ್ನೆಯನ್ನು ಆಗ ನಿಮಗೆ ಕೇಳಬೇಕಿತ್ತು...

ಬೊಟ್ಟಿನ ಕಟ್ಟಳೆ ಬಂದದ್ದು ಒಂದು ಮಳೆಗಾಲದಲ್ಲಿ. ಮಗುವೊಂದು ತಲೆಯ ಮೇಲೆ ಹುಲ್ಲಿನ ಹೊರೆ, ಕಂಕುಳಲ್ಲಿ ಪಾಟಿಚೀಲ ಇಟ್ಟುಕೊಂಡು ಬಂದಿತ್ತು. ಪಾಟಿಯ ಮೇಲೆ ಒಂದಕ್ಷರ ಇರಲಿಲ್ಲ. “ಬರದಿದ್ದೆ ಮಾಸ್ತರ, ದಾರ್ಯಾಗ ಒರಸಿ ಹೋತ್ರಿ” ಎಂದು ಅಳತೊಡಗಿತು. ನಿಜವೋ ಸುಳ್ಳೋ ಹೇಗೆ ತಿಳಿಯಬೇಕು? “ಮನ್ಯಾಗ ಯಾರ ಮುಂದ ಒಪ್ಪಿಸಿದಿ?” ಎಂದು ಕೇಳಿದಿರಿ. “ನಮ್ಮವ್ವಗ ಓದಾಕ ಬರೂದಿಲ್ರಿ.” “ಓದಾಕ ಬರೂದಿಲ್ಲ ಅಂದ್ರ ಕೇಳಾಕೂ ಬರೂದಿಲ್ಲೇನು? ಕಿವಿ ಇಲ್ಲೇನು ಆಕಿಗೆ?” ಮರುದಿನದಿಂದ ಹೊಸ ನಿಯಮ. ಪ್ರತಿ ಮಗು ಇಲ್ಲಿಗೆ ಬರುವ ಮೊದಲು ಮನೆಯಲ್ಲಿ ಒಬ್ಬರ ಮುಂದೆ ನಿಂತು ಒಪ್ಪಿಸಬೇಕು. ಕೇಳಿದವರು ಪಾಟಿಯ ಕಟ್ಟಿಗೆಯ ಚೌಕಟ್ಟಿನ ಮೂಲೆಗೆ ಒಂದು ಬೊಟ್ಟು ಇಡಬೇಕು. ಅಕ್ಷರ ಅಳಿಸಿಹೋದರೂ ಬೊಟ್ಟು ಉಳಿಯುತ್ತದೆ, ಸಹಿ ಬಾರದವರಿಗೂ ಬೊಟ್ಟು ಇಡಲು ಬರುತ್ತದೆ.

ಆ ಬೊಟ್ಟುಗಳನ್ನು ನೀವು ಕಂದೀಲಿಗೆ ಹಿಡಿದು ನೋಡುತ್ತಿದ್ದ ಚಂದ ಇನ್ನೂ ಕಣ್ಣಮುಂದಿದೆ. ಜೋಳದ ಹಿಟ್ಟು ಇದ್ದರೆ ಅವ್ವ ರೊಟ್ಟಿ ಬಡಿಯುತ್ತಾ ಕೇಳಿದ್ದಾಳೆ. ಸುಣ್ಣ ಇದ್ದರೆ ಎಲೆ ಹಾಕುವ ಅಜ್ಜ. ಕಪ್ಪು ಎಣ್ಣೆ ಇದ್ದರೆ ಹೊಳೆಯ ದಂಡೆಯ ಪಂಪು ಬಂದ್ ಮಾಡಿ ಬಂದ ಅಪ್ಪ. ಒಮ್ಮೆ ಒಬ್ಬ ಹುಡುಗ ಸುಣ್ಣದ ಬೊಟ್ಟು ತಾನೇ ಇಟ್ಟುಕೊಂಡು ಬಂದಿದ್ದ. ನೀವು ಪಾಟಿಯನ್ನು ಮೂಸಿ ನೋಡಿ, “ನಿಮ್ಮಜ್ಜ ದಿಗ್ಗೇವಾಡಿಗೆ ಮಗಳ ಮನೀಗಿ ಹೋಗಿ ವಾರ ಆತಲ್ಲೋ. ಅಲ್ಲಿಂದ ಕೈ ಚಾಚಿ ಬೊಟ್ಟ ಇಟ್ಟಾನೇನು?” ಎಂದಿರಿ. ಕಟ್ಟೆಯೆಲ್ಲ ನಕ್ಕಿತು. ಅವನೂ ನಕ್ಕ. ಹೊಡೆಯಲಿಲ್ಲ ನೀವು, ಮನೆಗೆ ಓಡಿಸಿ ಅವರವ್ವನ ಮುಂದೆ ಒಪ್ಪಿಸಿ ಬರಲು ಹೇಳಿದಿರಿ.

ಬಾಳವ್ವ ಬಂದದ್ದು ಅದರ ಮರುವರ್ಷ. ಕುರಿ ಕಾಯುವ ಬೀರಪ್ಪನ ಹಿರಿಯ ಮಗಳು. ಅವ್ವ, ಅಪ್ಪ ವರ್ಷದ ಬಹಳ ತಿಂಗಳು ಊರಲ್ಲಿ ಇರುತ್ತಿರಲಿಲ್ಲ. ಕುರಿ ಹೊಡೆದುಕೊಂಡು ಅಥಣಿ, ಕಾಗವಾಡದ ಕಡೆಗೆ ಹೋಗಿ, ರೈತರ ಹೊಲಗಳಲ್ಲಿ ಗೊಬ್ಬರಕ್ಕೆಂದು ಹಿಂಡು ಮಲಗಿಸುತ್ತಾ ತಿರುಗುತ್ತಿದ್ದರು. ಮನೆಯಲ್ಲಿ ಉಳಿದವರು ಹುಡುಗಿ ಮತ್ತು ಅವಳ ಆಯಿ, ಬೀರಪ್ಪನ ತಾಯಿ ಸತ್ಯವ್ವ. ಸತ್ಯವ್ವ ಆಯಿಗೆ ಕಿವಿ ಪೂರಾ ಹೋಗಿತ್ತು, ಪಕ್ಕದಲ್ಲಿ ಗರ್ನಾಲು ಹಾರಿಸಿದರೂ ತಿರುಗಿ ನೋಡುತ್ತಿರಲಿಲ್ಲ. ಬಾಳವ್ವನ ಪಾಟಿಯ ಮೂಲೆಗೆ ಮಾತ್ರ ದಿನಾ ಹಳದಿ ಬೊಟ್ಟು, ದೇವರ ಮುಂದಿನ ಅರಿಷಿಣ, ಭಂಡಾರ.

ಹುಡುಗರು ಬಿಡುತ್ತಾರೆಯೇ? ಒಂದು ಸಂಜೆ ಎಲ್ಲ ಕೂಡಿ ಎದ್ದು ನಿಂತರು. “ಮಾಸ್ತರ, ಬಾಳವ್ವಂದು ನಡೆಯೂದಿಲ್ರಿ! ಅವರ ಆಯಿ ಕಿವುಡಿ. ಆಕಿ ಮುಂದ ಒಪ್ಪಿಸಿದ್ದು ಲೆಕ್ಕಕ್ಕಿಲ್ರಿ!” ಬಾಳವ್ವ ಪಾಟಿಯನ್ನು ಎದೆಗೆ ಅವಚಿಕೊಂಡು ನಿಂತಳು. ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತೆ. ನೀವು ಏನು ಹೇಳುತ್ತೀರಿ ಎಂದು ನನಗೂ ಕುತೂಹಲ. ನಿಯಮ ನಿಮ್ಮದೇ, ಕೇಳಿದವರು ಬೊಟ್ಟು ಇಡಬೇಕು. ಕೇಳಲಾರದವರು ಇಟ್ಟರೆ? ನೀವು ಮೀಸೆ ತಿರುವಿದಿರಿ. “ನಾಳಿಗೆ ಹೇಳ್ತೀನಿ” ಎಂದಿರಿ.

ಮರುದಿನ ಇಳಿಹೊತ್ತು ನೀವು ನನ್ನನ್ನು ಕರೆದಿರಿ. ಹೆಂಗಸರಷ್ಟೇ ಇರುವ ಮನೆ, ನೀನೂ ಬಾ ಎಂದಿರಿ. ನಾವು ಹೋಗಿ ಬಾಳವ್ವನ ಮನೆಯ ಮುಂದಿನ ಬೇವಿನ ಗಿಡದ ಮರೆಯಲ್ಲಿ ಕಳ್ಳರ ಹಾಗೆ ನಿಂತುಕೊಂಡೆವು. ಅಂಗಳದಲ್ಲಿ ಸತ್ಯವ್ವ ಆಯಿ ಕಂಬಳಿ ಹಾಸಿಕೊಂಡು ಕುಳಿತಿದ್ದಳು. ಎದುರಿಗೆ ಮೊಣಕಾಲೂರಿ ಬಾಳವ್ವ. ಆಯಿಯ ಬಲಗೈ ಹುಡುಗಿಯ ಗಂಟಲಿನ ಮೇಲಿತ್ತು, ಕಣ್ಣು ಅವಳ ತುಟಿಯ ಮೇಲೆ. ಹುಡುಗಿ ಮಗ್ಗಿ ಹೇಳುತ್ತಾ ಹೋದಂತೆ ಮುದುಕಿ ತಲೆ ತೂಗುತ್ತಾ ಹೋದಳು. ಒಂದು ಕಡೆ ಬಾಳವ್ವ ತಡವರಿಸಿ ನಿಂತಳು. ಗಂಟಲು ನಿಂತದ್ದೇ ಆಯಿಯ ಬೆರಳು ಕೊರಳನ್ನು ತಟ್ಟಿತು. “ಮುಂದ?” ಎಂದಳು ಆಯಿ, ಕಿವುಡರ ಆ ಜೋರು ದನಿಯಲ್ಲಿ, ಗಿಡದ ಮೇಲಿನ ಗುಬ್ಬಿಗಳೆಲ್ಲ ಹಾರುವ ಹಾಗೆ. “ಮುಂದ ಏನಬೇ?” ಹುಡುಗಿ ನೆನಪು ಮಾಡಿಕೊಂಡು ಮುಂದುವರಿದಳು. ಮುಗಿದ ಮೇಲೆ ಸೊಂಟದ ಸಂಚಿಯಿಂದ ಭಂಡಾರ ತೆಗೆದು ಪಾಟಿಗೂ ಮೊಮ್ಮಗಳ ಹಣೆಗೂ ಹಚ್ಚಿದಳು.

ಮನೆಯ ಮೆಟ್ಟಿಲ ಹತ್ತಿರ ಬಂದಾಗ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡಿರಿ. ಬೆವರಿರಲಿಲ್ಲ ಮಾವನವರೇ, ಮಾಗಿಯ ಚಳಿ ಇತ್ತು, ನಾನು ನೋಡಿದೆ. ಆ ಸಂಜೆ ಕಟ್ಟೆಯ ಮೇಲೆ ತೀರ್ಪು ಕೊಟ್ಟಿರಿ. “ಬಾಳವ್ವಂದು ನಡೀತೈತಿ. ನಿಮ್ಮ ಮನ್ಯಾಗ ಕಿವಿ ಇದ್ದವ್ರು ಎಷ್ಟ ಮಂದಿ ಮಾರಿ ನೋಡಿ ಕೇಳ್ತಾರ, ಹೇಳ್ರಿ ನೋಡೂಣು?”

ಆ ತೀರ್ಪಿನಿಂದ ಆದ ಫಜೀತಿಯನ್ನೂ ಬರೆಯದಿದ್ದರೆ ಹೇಗೆ? ನಿಮಗೆ ನೆಗಡಿ ಬಂದು ಬಿಸಿಲಿಗೆ ಮಲಗಿದ್ದ ಆ ದಿನಗಳಲ್ಲಿ ಬಾಳವ್ವ ಏಳರ ಮಗ್ಗಿಯನ್ನು ತನ್ನಷ್ಟಕ್ಕೆ ಗಟ್ಟಿ ಮಾಡಿಕೊಂಡಿದ್ದಳು. ನೀವು ಎದ್ದು ಕುಳಿತ ದಿನ ಎಲ್ಲೂ ನಿಲ್ಲದೆ, ನೀರು ಹರಿದ ಹಾಗೆ ಹೇಳಿದಳು, ‘ಏಳೆಂಟ್ಲೆ ಐವತ್ನಾಲ್ಕು, ಏಳೊಂಬತ್ಲೆ ಅರವತ್ತೆರಡು!’ ಆಯಿಯ ಕೈಗೆ ಗಂಟಲು ನಿಂತದ್ದು ಗೊತ್ತಾಗುತ್ತದೆ, ಐವತ್ನಾಲ್ಕು ಅಂದದ್ದೋ ಐವತ್ತಾರು ಅಂದದ್ದೋ ಹೇಗೆ ಗೊತ್ತಾಗಬೇಕು? ದಿನಾ ತಪ್ಪು ಮಗ್ಗಿಯ ಮೇಲೆ ದೇವರ ಭಂಡಾರ ಬೀಳುತ್ತಿತ್ತು! ನಿಮಗೆ ಸಿಟ್ಟು ಬರುತ್ತದೆ ಎಂದು ನಾನು ಕಾದೆ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ, ಕೆಮ್ಮು ಬರುವವರೆಗೂ ನಕ್ಕಿರಿ. ಆಮೇಲೆ ನನಗೆ ಹೇಳಿದಿರಿ, “ನೋಡವ್ವಾ ಸುಮಿತ್ರಾ, ತಪ್ಪು ಒಪ್ಪು ನೋಡೂದು ಮಾಸ್ತರನ ಕೆಲಸ. ಮನ್ಯಾಗಿನವ್ರ ಕೆಲಸ ಎದುರು ಕುಂತು ಕೇಳೂದು, ಅಷ್ಟ. ಆ ಮುದುಕಿ ತನ್ನ ಕೆಲಸ ಮಾಡ್ಯಾಳ. ನಾ ಮಲಗಿದ್ದೆ, ನನ್ನ ಕೆಲಸ ಉಳೀತು.” ಎರಡು ದಿನದಲ್ಲಿ ಏಳರ ಮಗ್ಗಿ ಸರಿಯಾಯಿತು.

ನಿಮಗೆ ಲಕ್ವ ಹೊಡೆದದ್ದು ಕಬ್ಬು ಕಡಿಯುವ ಹಂಗಾಮಿನಲ್ಲಿ. ಅಷ್ಟು ಮಾತಾಡುತ್ತಿದ್ದ ಬಾಯಿ ಒಂದೇ ಬೆಳಗಿನಲ್ಲಿ ನಿಂತುಹೋಯಿತು. ನಿಮ್ಮ ಮಂಚವನ್ನು ಪಡಸಾಲೆಗೆ ತಂದು ಹಾಕಿದೆವು. ಮಕ್ಕಳು ಬರುವುದು ನಿಲ್ಲಲಿಲ್ಲ, ಮಂಚದ ಸುತ್ತ ನಿಂತು ಒಪ್ಪಿಸಿದವು. ತಪ್ಪಿದಾಗ ನಿಮ್ಮ ಎಡಗೈಯ ಬೆರಳು ಮೇಲೇಳುತ್ತಿತ್ತು. ಕೆಲವು ದಿನ ಆ ಬೆರಳೂ ಏಳಲಿಲ್ಲ. ಆಗ ಬಾಳವ್ವ ಏನು ಮಾಡಿದಳು ಗೊತ್ತೇ? ನಿಮ್ಮ ಕೈ ತೆಗೆದು ತನ್ನ ಗಂಟಲಿನ ಮೇಲೆ ಇಟ್ಟುಕೊಂಡು ಮಗ್ಗಿ ಹೇಳಿದಳು. ಅದು ನಿಮಗೆ ತಿಳಿಯಿತೋ ಇಲ್ಲವೋ... ನಿಮ್ಮ ಕಣ್ಣ ಕೊನೆಯಲ್ಲಿ ನೀರಿತ್ತು. ಕಣ್ಣು ಒರೆಸಿದವಳು ನಾನೇ.

ನಿಮ್ಮನ್ನು ಮಣ್ಣು ಮಾಡಿದ ಮೂರನೆಯ ದಿನ ಸಂಜೆ ಮಕ್ಕಳು ಮತ್ತೆ ಬಂದವು. ಬೀಗರು, ನೆಂಟರು ಇನ್ನೂ ಮನೆಯಲ್ಲಿದ್ದರು. ಯಾರೋ ಗದರಿಸಿದರು, “ಇನ್ನ ಯಾಕ ಬಂದೀರಿ? ಮಾಸ್ತರು ಹೋದ್ರು, ನಡೀರಿ.” ಮಕ್ಕಳು ಹೋಗಲಿಲ್ಲ, ಕುಳಿತುಕೊಳ್ಳಲೂ ಇಲ್ಲ. ಕಟ್ಟೆಯ ಕೆಳಗೆ ಹಾಗೇ ನಿಂತವು. ನಾನು ಕಂದೀಲು ಹಚ್ಚಲು ಹೊರಗೆ ಬಂದರೆ ಬಾಳವ್ವ ಪಾಟಿ ಮುಂದೆ ಚಾಚಿದಳು. ಮೂಲೆಯಲ್ಲಿ ಹಳದಿ ಬೊಟ್ಟು. “ಕಾಕೂ, ಮನ್ಯಾಗ ಒಪ್ಪಿಸೇನ್ರಿ. ಇಲ್ಲಿ ಯಾರಿಗೆ ಒಪ್ಪಿಸ್ಲಿ?” ಬರೀ ಏಳನೇ ಇಯತ್ತೆ ಪಾಸಾದವಳು ನಾನು. ನನ್ನನ್ನು ಯಾರೂ ಕೇಳಲಿಲ್ಲ, ನೀನು ಮಾಡುತ್ತೀಯಾ ಎಂದು ನೀವೂ ಕೇಳಿರಲಿಲ್ಲ. ಕಂದೀಲು ಇಟ್ಟು ಕುಳಿತೆ. ಅಷ್ಟೇ ಆದದ್ದು.

ದಿನಾ ಎನ್ನುವ ಮಾತು ಹೇಳುವವರಿಗೆ ಚಂದ, ಮಾವನವರೇ. ಮಾಡುವವರಿಗೆ? ಬೆಳಿಗ್ಗೆ ಎಮ್ಮೆ, ಸಗಣಿ, ನೀರು, ಮಧ್ಯಾಹ್ನ ಹೊಲಕ್ಕೆ ಬುತ್ತಿ, ಸಂಜೆ ಸೊಂಟ ಹಿಡಿದುಕೊಂಡು ಬಂದರೆ ಕಟ್ಟೆಯ ಮೇಲೆ ಮೂರರ ಮಗ್ಗಿ. ಒಂದು ಮಕ್ಕಳ ತಂಡ ಮೂರರ ಮಗ್ಗಿ ದಾಟಿತು ಎನ್ನುವಷ್ಟರಲ್ಲಿ ಇನ್ನೊಂದು ತಂಡ ಮೂಗು ಸುರಿಸಿಕೊಂಡು ಒಂದರ ಮಗ್ಗಿಗೆ ಬಂದು ಕೂಡುತ್ತದೆ. ನನಗೆ ಇದರಲ್ಲಿ ಮುಂದೆ ಎನ್ನುವುದೇ ಇಲ್ಲ. ನಾನು ಜ್ವರ ಬಂದು ಮಲಗಿದ ದಿನವೂ ಕಿಟಕಿಯ ಹೊರಗೆ ನಿಂತು ಒಪ್ಪಿಸಿ ಹೋದವು. ನೀವು ಕಲಿಸಿದ ಹಟ. ಒಂದೊಂದು ಸಂಜೆ ನಿಮ್ಮ ಪಟದ ಕಡೆಗೆ ನೋಡಿ, ನಿಮಗೇನು, ಗೋಡೆಯ ಮೇಲೆ ಆರಾಮಾಗಿ ಕುಳಿತಿದ್ದೀರಿ ಎಂದು ಅಂದೂಬಿಟ್ಟಿದ್ದೇನೆ.

ಬಿಡಬೇಕೆಂದು ಮೊದಲ ಸಲ ಅನಿಸಿದ್ದು ಬಾಳವ್ವ ನಾಲ್ಕನೆಯ ಇಯತ್ತೆಯಲ್ಲಿದ್ದಾಗ. ಆ ಹೊತ್ತಿಗೇ ಬೀರಪ್ಪ ಕುರಿಗಳನ್ನು ಹೆಂಡತಿಯ ಹತ್ತಿರ ಬಿಟ್ಟು ಊರಿಗೆ ಬಂದಿದ್ದ. ಹತ್ತು ಸಲ ಬರೆಯುವ ಮನೆಕೆಲಸವನ್ನು ಬಾಳವ್ವ ತರುವುದೇ ಇಲ್ಲ ಎಂದು ಸಾಲೆಯಿಂದ ಅವನಿಗೆ ಹೇಳಿ ಕಳಿಸಿದ್ದರು. ಅಷ್ಟು ಬರೆಯಲು ಮನೆಯಲ್ಲಿ ದೀಪಕ್ಕೆ ಎಣ್ಣೆ ಎಲ್ಲಿದೆ? ಬೀರಪ್ಪ ನಮ್ಮ ಅಂಗಳಕ್ಕೆ ಬಂದು, ಕೋಲೂರಿ ನಿಂತು ಹೇಳಿದ, “ವೈನಿ, ನಾ ಹುಡುಗೀನ ಕರ್ಕೊಂಡ ಹೊಂಟೀನ್ರಿ. ಅವರವ್ವಗ ಒಬ್ಬಾಕಿಗೆ ಮರಿ ಸಂಬಾಳಸಾಕ ಆಗವಲ್ದು. ಇಲ್ಲಿ ಇದ್ದೂ ಏನ ಕಲಿಯಾಕತ್ತಾಳ? ನಮ್ಮವ್ವಗ ಕಿವಿ ಇಲ್ಲ, ನಮಗ ಅಕ್ಷರ ಇಲ್ಲ. ಈಕೀದು ಯಾರು ಕೇಳ್ತಾರ?”

“ನಾ ಕೇಳ್ತೀನಿ” ಎಂದೆ. ಬಾಯಿಂದ ಹೋಗಿಬಿಟ್ಟಿತು. ಬೀರಪ್ಪ ನನ್ನನ್ನೇ ನೋಡಿದ. ದಾಕ್ಷಿಣ್ಯಕ್ಕೆ ಮಾತಾಡುವ ಮನುಷ್ಯ ಅಲ್ಲ ಅವನು. “ದಿನಾ ಕೇಳ್ತೀರಿ?” “ದಿನಾ.” “ಹಂಗಾರ ಇರಲಿ ಬಿಡ್ರಿ. ಆದ್ರ ವೈನಿ, ನೀವು ಕೇಳೂದು ಬಿಟ್ಟ ದಿನ ನಾ ಬಂದು ಕರ್ಕೊಂಡ ಹೋಗಾಂವ. ಆಮ್ಯಾಲ ಬ್ಯಾಡ ಅನಬಾರ್ದು.” ಒಂದು ಮಾತಿಗೆ ನಾನು ಕಟ್ಟುಬಿದ್ದೆ. ಅಂದಿನಿಂದ ಪ್ರತಿ ದೀಪಾವಳಿಗೆ ಹಿಂಡಿನೊಡನೆ ಬಂದಾಗ ಬೀರಪ್ಪ ಮೊದಲು ಕೇಳುತ್ತಿದ್ದುದು ಮಗಳನ್ನಲ್ಲ, ನನ್ನನ್ನು. “ಕೇಳಾಕತ್ತೀರಿ ಹೌದಲ್ರೀ ವೈನಿ?”

ಇಷ್ಟರಲ್ಲಿ ಊರು ಬದಲಾಗಿದೆ. ಮನೆ ಮನೆಗೆ ಟಿವಿ ಬಂದಿದೆ, ದೀಪ ಹಚ್ಚುವ ಹೊತ್ತಿಗೇ ಅದರ ಮುಂದೆ ಜನ. ಅನುಕೂಲವಿದ್ದವರ ಮಕ್ಕಳನ್ನು ಬೆಳಿಗ್ಗೆ ವ್ಯಾನು ಬಂದು ಇಂಗ್ಲಿಷ್ ಸಾಲೆಗೆ ಒಯ್ಯುತ್ತದೆ. ಆ ಮಕ್ಕಳ ಅಭ್ಯಾಸಕ್ಕೆ ಡೈರಿ, ಡೈರಿಗೆ ಅಪ್ಪಂದಿರ ಸಹಿ. ಸಹಿ ಮಾಡುವ ಅಪ್ಪ ಟಿವಿಯಿಂದ ಕಣ್ಣು ತೆಗೆಯುವುದಿಲ್ಲ ಎಂದು ಆ ಮಕ್ಕಳೇ ಹೇಳುತ್ತಾರೆ. ನಮ್ಮ ಕಟ್ಟೆಗೆ ಬರುವವರು ಕಡಿಮೆಯಾದರು. ಪಾಟಿ ಹೋಗಿ ನೋಟಬುಕ್ಕು ಬಂದಿತು. ಆದರೂ ನೋಟಬುಕ್ಕಿನ ಮೂಲೆಗೆ ಹಿಟ್ಟಿನ ಬೊಟ್ಟು ಇಡಿಸಿಕೊಂಡು ಬರುವ ನಾಲ್ಕಾರು ಮಕ್ಕಳು ಇವೆ. ಅವುಗಳಿಗೆ ಈ ಕಟ್ಟಳೆ ಯಾರು ಮಾಡಿದರು ಎನ್ನುವುದೂ ಗೊತ್ತಿಲ್ಲ.

ಸತ್ಯವ್ವ ಆಯಿ ಕಳೆದ ಮಾಗಿಯಲ್ಲಿ ತೀರಿಕೊಂಡಳು. ಬಾಳವ್ವ ಆಗ ಹತ್ತನೆಯ ಇಯತ್ತೆ. ಹೈಸ್ಕೂಲಿಗೆ ನಡೆದು ಹೋಗಿ ಬಂದು, ರಾತ್ರಿಯ ಅಡಿಗೆ ಮಾಡಿ, ಆಯಿಗೆ ಉಣಿಸಿ, ಆಮೇಲೂ ಪಾಠವನ್ನು ಆ ಕೈಯ ಕೆಳಗೆ ಒಪ್ಪಿಸುತ್ತಿದ್ದಳಂತೆ. ಇಷ್ಟು ದೊಡ್ಡವಳಾಗಿ ಯಾಕೆ ಎಂದು ಕೇಳಿದ್ದಕ್ಕೆ, “ಇಲ್ಲಾಂದ್ರ ಆಯಿ ಮಲಗೂದಿಲ್ರಿ ಕಾಕೂ” ಎಂದಿದ್ದಳು. ಈ ಜೂನಿನಲ್ಲಿ ರಿಸಲ್ಟ್ ಬಂತು. ಬಾಳವ್ವ ಪಾ‌ಸಾದಳು ಮಾವನವರೇ, ಲೆಕ್ಕದಲ್ಲಿ ಒಳ್ಳೆಯ ಮಾರ್ಕು. ನಿಮ್ಮ ಪಟದ ಮುಂದೆ ಬೆಲ್ಲ ಇಟ್ಟು ಹೋದಳು. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ, ಸಂತೋಷದ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಇನ್ನು ನನ್ನ ಮಾತು ತೀರಿತು, ಇನ್ನು ನಾನು ಸಂಜೆ ಸುಮ್ಮನೆ ಕುಳಿತುಕೊಳ್ಳಬಹುದು. ಉಳಿದ ಮಕ್ಕಳಿಗೆ ಶುಕ್ರವಾರ ಹೇಳಿಬಿಡುವುದು, ನಾಳೆಯಿಂದ ಬರಬೇಡಿ ಎಂದು. ನಿಮ್ಮ ಮಗನಿಗೂ ಹೇಳಿದೆ. “ಚಲೋ ಆತು, ನಿನಗೂ ವಯಸ್ಸಾತು” ಎಂದರು.

ಗುರುವಾರ ಬೀರಪ್ಪ ಬಂದ. ಹಿಂದೆ ಬಾಳವ್ವ, ತಲೆ ತಗ್ಗಿಸಿಕೊಂಡು. ಅವನಿಗೂ ಈಗ ಕೂದಲು ಬೆಳ್ಳಗಾಗಿದೆ. “ವೈನಿ, ಈಕಿ ರಾಯಬಾಗಕ್ಕ ಕಾಲೇಜಿಗೆ ಹೋಗ್ತೀನಿ ಅಂತಾಳ್ರಿ. ಸೈನ್ಸ್ ಅಂತ. ಬೋರಗಾಂವದ ಕಡೆಯಿಂದ ವರಾ ಬಂದೈತಿ, ಮಗ್ಗದ ಕೆಲಸದಾವ, ಮನಿ ಚಲೋ ಐತಿ. ನಾ ಏನ ಮಾಡ್ಲಿ ಹೇಳ್ರಿ.” ನಾನು ಏನಾದರೂ ಹೇಳುವ ಮೊದಲೇ ಅವನೇ ಹೇಳಿದ, “ನೀವು ಕೇಳ್ತೀನಿ ಅಂದ್ರ ಕಾಲೇಜಿಗೆ ಹೋಗ್ಲಿ. ಹಿಂದ ಹೆಂಗ ಮಾತಾಗಿತ್ತೋ ಹಂಗ. ಇಲ್ಲಾಂದ್ರ ವರಾಗ ಹೂಂ ಅಂತೀನಿ.”

ನನಗೆ ಒಮ್ಮೆಲೇ ಸಿಟ್ಟು ಬಂತು. ಎಲ್ಲರೂ ಕೂಡಿ ನನ್ನ ತಲೆಯ ಮೇಲೆಯೇ ಯಾಕೆ ಹೊರಿಸಬೇಕು? “ಬೀರಪ್ಪಾ, ಕಾಲೇಜಿನ ಪಾಠ ಅಂದ್ರ ಇಂಗ್ಲಿಷು. ನನಗ ಅದರಾಗ ಒಂದ್ ಅಕ್ಷರ ತಿಳಿಯೂದಿಲ್ಲ. ನಾ ಏನ ಕೇಳ್ಲಿ? ನಾ ಕೇಳಿದ್ರೇನು ಬಿಟ್ರೇನು?” ಎಂದೆ. ದನಿ ಏರಿತ್ತು, ಒಳಗಿನಿಂದ ನಿಮ್ಮ ಮಗ ಇಣುಕಿ ನೋಡಿದರು. ಆಗ ಬಾಳವ್ವ ಮೊದಲ ಸಲ ತಲೆ ಎತ್ತಿದಳು.

“ಆಯಿಗೂ ತಿಳೀತಿದ್ದಿಲ್ರಿ ಕಾಕೂ.”

ನೀವಿದ್ದಿದ್ದರೆ ಮೀಸೆ ತಿರುವಿ ನಾಳಿಗೆ ಹೇಳ್ತೀನಿ ಎನ್ನುತ್ತಿದ್ದಿರಿ. ನನಗೆ ಮೀಸೆಯೂ ಇಲ್ಲ. ಕಂಬ ಹಿಡಿದು ಕುಳಿತೆ. ಮೊಣಕಾಲು ನೋಯುತ್ತಿತ್ತು. “ತಗೊಂಡ ಬಾ ನಿನ್ನ ಪುಸ್ತಕ” ಎಂದೆ, ಬೈದ ಹಾಗೆಯೇ ಅಂದೆ. ಬೀರಪ್ಪ ಕೋಲು ಹೆಗಲಿಗೇರಿಸಿಕೊಂಡು, ಇನ್ನೇನೂ ಕೇಳದೆ ಹೊರಟುಹೋದ.

ನಿನ್ನೆ ಸಂಜೆ ಬಾಳವ್ವ ಬಂದು ಕಟ್ಟೆಯ ಮೇಲೆ ನನ್ನ ಎದುರಿಗೆ ಮೊಣಕಾಲೂರಿ ಕುಳಿತಳು, ಚಿಕ್ಕ ಮಕ್ಕಳ ಸಾಲಿನ ಕೊನೆಗೆ. ಕಾಲೇಜು ಇನ್ನೂ ಶುರುವಾಗಿಲ್ಲ, ಯಾರದೋ ಹಳೆಯ ಪುಸ್ತಕ ತಂದಿದ್ದಾಳೆ. ನನ್ನ ಹಿಟ್ಟಿನ ಕೈ ತೆಗೆದು ತನ್ನ ಗಂಟಲಿಗೆ ಇಟ್ಟುಕೊಂಡಳು. ಓದತೊಡಗಿದಳು. ನನಗೆ ಏನೂ ತಿಳಿಯಲಿಲ್ಲ, ಒಂದು ಮಾತೂ ತಿಳಿಯಲಿಲ್ಲ. ಆದರೆ ಮಾವನವರೇ, ಕೈಯ ಕೆಳಗೆ ಗಂಟಲು ನಡೆಯುವುದು ತಿಳಿಯುತ್ತದೆ. ಗಟ್ಟಿಯಾಗಿ ನಡೆಯುವುದು, ಅನುಮಾನದಿಂದ ನಡೆಯುವುದು, ಎಲ್ಲ ತಿಳಿಯುತ್ತದೆ. ಒಂದು ಕಡೆ ನಿಂತಿತು. ಬಹಳ ಉದ್ದದ ಶಬ್ದ ಇತ್ತೇನೋ. ಬೆರಳು ತಾನಾಗಿಯೇ ತಟ್ಟಿತು. “ಮುಂದ?” ಎಂದೆ. ಚಿಕ್ಕ ಮಕ್ಕಳೆಲ್ಲ ನಕ್ಕವು, ಬಾಳವ್ವ ನಗಲಿಲ್ಲ. ಆ ಶಬ್ದವನ್ನು ಒಡೆದು ಒಡೆದು ಓದಿ ಮುಂದೆ ಹೋದಳು. ಮುಗಿದ ಮೇಲೆ ಪುಸ್ತಕದ ಮೂಲೆಯನ್ನು ನನ್ನ ಕಡೆ ಚಾಚಿದಳು. ಹಿಟ್ಟಿನ ಬೊಟ್ಟು ಇಟ್ಟೆ.

ಮಕ್ಕಳಿಗೆ ಶುಕ್ರವಾರ ಹೇಳಬೇಕಾದ ಮಾತು ನಿನ್ನೆ ಹೇಳಲಿಲ್ಲ. ಇಂದೂ ಹೇಳುವುದಿಲ್ಲ. ನನ್ನ ದಣಿವು ಇದರಿಂದ ಹೋಯಿತು ಎಂದು ತಿಳಿಯಬೇಡಿ, ಇನ್ನೆರಡು ವರ್ಷ ಹೆಚ್ಚಾಯಿತು. ಬಾಳವ್ವ ಕಾಲೇಜು ಮುಗಿಸುವವರೆಗೆ ಈ ಕಟ್ಟೆಯ ದೀಪ ಆರುವುದಿಲ್ಲ, ಇದು ನನ್ನ ಮಾತು. ಆಮೇಲಿನದನ್ನು ಆಮೇಲೆ ಜಗಳಾಡೋಣ. ಅವಳು ಓದುವುದರಲ್ಲಿ ತಪ್ಪೆಷ್ಟು ಒಪ್ಪೆಷ್ಟು ನನಗೆ ಗೊತ್ತಾಗುವುದಿಲ್ಲ, ಅದನ್ನು ನೋಡಲು ಅಲ್ಲಿ ಕಾಲೇಜಿನ ಮಾಸ್ತರರಿದ್ದಾರೆ.

ಈ ಕಾಗದವನ್ನು ಹಾಕಲು ಯಾವ ಅಂಚೆ ಡಬ್ಬಿಯೂ ಇಲ್ಲ. ಬರೆದು ಮುಗಿದ ಮೇಲೆ ನಿಮ್ಮ ಪಟದ ಎದುರು ನಿಂತು ಗಟ್ಟಿಯಾಗಿ ಓದಿ ಒಪ್ಪಿಸುತ್ತೇನೆ. ನಿಮಗೀಗ ಕಿವಿ ಇಲ್ಲ, ಗೊತ್ತಿದೆ. ಕಿವಿ ಇಲ್ಲದವರ ಮುಂದೆ ಒಪ್ಪಿಸಿದ್ದೂ ನಡೆಯುತ್ತದೆ ಎಂದು ಊರ ಮಕ್ಕಳೆದುರು ಹೇಳಿದವರು ನೀವೇ. ನಡುವೆ ನನ್ನ ಗಂಟಲು ನಿಲ್ಲುತ್ತದೆ, ನಿಮ್ಮ ಕೈ ತೆಗೆದು ಆ ಹುಡುಗಿ ಕೊರಳಿಗೆ ಇಟ್ಟುಕೊಂಡಳು ಎಂದು ಬರೆದೆನಲ್ಲ, ಅಲ್ಲಿ. ಅಲ್ಲಿ ಒಂದು ಸಲ ‘ಮುಂದ?’ ಅನ್ನಿರಿ. ಅಷ್ಟು ಸಾಕು. ಮುಂದಿನದು ನಾನು ಓದುತ್ತೇನೆ.

ಹೊರಗೆ ಯಾರೋ ಬೇಗ ಬಂದ ಹಾಗಿದೆ, ಮೂರರ ಮಗ್ಗಿ ಕೇಳಿಸುತ್ತಿದೆ. ಮೂರೇಳ್ಲೆ ಇಪ್ಪತ್ತೆರಡು ಅಂತೆ. ಏಳುತ್ತೇನೆ.

ನಿಮ್ಮ ಸೊಸೆ,
ಸುಮಿತ್ರಾ